ಲಗ್ನಪತ್ರಿಕೆಯ ಸಣ್ಣಕ್ಷರ

ತಿಥಿ ಕಾರ್ಡಿಗೆ ಅರಿಶಿಣ ಕುಂಕುಮ ಹಚ್ಚಿ ದೇವ್ರ ಮುಂದೆ ಇಟ್ಟೋಳು ಕೈಲಾಂಚದ ಸುತ್ತಮುತ್ತ ನಾನೊಬ್ಳೇ ಇರ್ಬೇಕು. ಆಗ ನಂಗೆ ನಲವತ್ತು ವರ್ಷ. ಹಿಪ್ಪುನೇರಳೆ ಸೊಪ್ಪು ಕೊಯ್ಕಂಡು ತೋಟದಿಂದ ಬಂದ್ರೆ ಬಾಗ್ಲ ಚಿಲಕಕ್ಕೆ ಯಾರೋ ಒಂದು ಕಾರ್ಡು ಸಿಕ್ಕಿಸಿ ಹೋಗಿದ್ರು. ಹಳದಿ ಇದ್ರೆ ಮದ್ವೇದು, ಬಿಳೀದಿದ್ರೆ ತಿಥೀದು, ನನ್ನ ವಿದ್ಯೆ ಇದ್ದಿದ್ದು ಅಷ್ಟೇ. ಇದು ಎರಡೂ ಅಲ್ಲ, ಹಾಲಿನ ಕೆನೆ ಬಣ್ಣ, ಅಂಚಲ್ಲಿ ಒಂದು ಬಳ್ಳಿ ಬೇರೆ. ಶುಭಾನೇ ಇರ್ಬೇಕು ಅಂದ್ಕಂಡು ಕೈಕಾಲು ತೊಳ್ದು, ನಾಲ್ಕು ಮೂಲೆಗೂ ಅರಿಶಿಣ ಹಚ್ಚಿ, ನಡುವೆ ಕುಂಕುಮ ಇಟ್ಟು ದೇವ್ರ ಗೂಡಲ್ಲಿ ನಿಲ್ಲಿಸ್ದೆ. ಸಂಜೆ ನನ್ನ ತಮ್ಮ ಬಂದು ಓದಿದ. ಅವನ ಹೆಂಡ್ತಿ ತವರೂರಲ್ಲಿ ದೂರದ ದಾಯಾದಿ ಒಬ್ಬ ತೀರ್ಕಂಡಿದ್ದ, ಅವನ ಹನ್ನೊಂದನೇ ದಿನದ ಕಾರ್ಡು ಅದು.

ತಮ್ಮನ ಹೆಂಡ್ತಿ ಎದೆ ಬಡ್ಕಂಡು ಕೂಗಾಡಿದ್ದು ಮೂರು ಬೀದಿಗೆ ಕೇಳ್ತು. ಮಾರನೇ ದಿನ ಡೈರಿಗೆ ಹಾಲು ಹಾಕಕ್ಕೆ ಸಾಲಲ್ಲಿ ನಿಂತಿದ್ರೆ ಹೆಂಗಸ್ರೆಲ್ಲ ಸೆರಗು ಬಾಯಿಗೆ ಅಡ್ಡ ಹಿಡ್ಕಂಡು ನಕ್ಕಿದ್ದೇ ನಕ್ಕಿದ್ದು. ಒಬ್ಳಂತೂ, ನಮ್ಮ ಮಾವನ ತಿಥಿ ಬತ್ತಾ ಐತೆ, ಒಸಿ ಬಂದು ಹಸೆ ಬರ್ದುಕೊಟ್ಟೋಗವ್ವ ಅಂದ್ಲು. ನಾನೂ ನಕ್ಕೆ. ನಗದೇ ಇದ್ರೆ ಇನ್ನೂ ಒಂದು ವಾರ ನಗ್ತಿದ್ರು.

ನಗದೇ ಇದ್ದೋಳು ಒಬ್ಳೇ, ನನ್ನ ತಮ್ಮನ ಮಗಳು. ಆಗ ಅವಳಿಗೆ ಹನ್ನೊಂದು ವರ್ಷ. ಅವಳ ವಿಷಯ ಹೇಳೋಕೆ ಮುಂಚೆ ನನ್ನ ವಿಷಯ ಹೇಳ್ಬೇಕು. ನನ್ನನ್ನ ಕನಕಪುರದ ಆಚೆಗೆ ಕೊಟ್ಟಿದ್ರು. ಎಂಟು ವರ್ಷ ಬಾಳಿದ್ಮೇಲೆ ಗಂಡ ಇನ್ನೊಬ್ಬಳನ್ನ ಕಟ್ಕಂಡ. ಇರೋದಾದ್ರೆ ಅವಳ ಬಟ್ಟೆ ಒಗ್ಕಂಡು ಇರು ಅಂದ. ಬಂದ್ಬುಟ್ಟೆ. ತಾಳಿ ಕೊರಳಲ್ಲೇ ಇತ್ತು, ಗಂಡ ಬದುಕಿದ್ದ, ಅದಕ್ಕೇ ಮುತ್ತೈದೆ ಅನ್ನೋ ಲೆಕ್ಕ ಮಾತ್ರ ಉಳೀತು. ನಾನು ಬಂದ ವರ್ಷಾನೇ ತಮ್ಮನ ಹೆಂಡ್ತಿ ಹೆತ್ಲು. ಹೆತ್ತೋಳಿಗೆ ಬಾಣಂತಿ ಸನ್ನಿ ಹಿಡೀತು. ಎರಡು ತಿಂಗಳ ಹೆಣ್ಣು ಕೂಸನ್ನ ನನ್ನ ಮಡಿಲಿಗೆ ಹಾಕಿ, ನೀನೇ ಸಾಕ್ಕೋ ಅಕ್ಕ ಅಂದ ನನ್ನ ತಮ್ಮ. ಸಾಕ್ದೆ. ಹಸೀನ ಹಾಲು ಬತ್ತೀಲಿ ಅದ್ದಿ ಬಾಯಿಗೆ ಹಿಂಡಿ ಸಾಕ್ದೆ. ಹೆತ್ತೋಳು ಹುಷಾರಾಗಿ ಎದ್ದು ಕೂರೋ ಹೊತ್ಗೆ ಕೂಸು ನನ್ನ ಬಿಟ್ಟು ಯಾರ ಹತ್ರಾನೂ ಹೋಗ್ತಿರ್ಲಿಲ್ಲ. ಅದನ್ನ ಅವಳು ಕೊನೇಗಂಟ ಕ್ಷಮಿಸ್ಲಿಲ್ಲ, ಅವಳ ಸಂಕಟಾನೂ ಸುಳ್ಳಲ್ಲ.

ಡೈರಿ ಸಾಲಲ್ಲಿ ನಕ್ಕಿದ್ದು ನೋಡಿ ಆ ಹುಡುಗಿಗೆ ಎಲ್ಲಿತ್ತೋ ಸಿಟ್ಟು. ಮನೇಗೆ ಬಂದೋಳೇ ಗೋಡೇಲಿ ಕಾಗದ ಪತ್ರ ಚುಚ್ಚಿಡೋ ತಂತಿ ಇತ್ತಲ್ಲ, ಅದನ್ನ ಹಂಗೇ ಕಿತ್ಕಂಡು ಹುಳದ ಮನೆಗೆ ಬಂದ್ಲು. ಇಪ್ಪತ್ತು ವರ್ಷದ ಮದ್ವೆ ಕಾರ್ಡುಗಳು ಅದ್ರಲ್ಲಿ. ರೇಷ್ಮೆ ಹುಳಕ್ಕೆ ಸೊಪ್ಪು ಹಾಕ್ತಿದ್ದ ನನ್ನನ್ನ ಎಳ್ದು ಕೂರಿಸಿ, ಇವತ್ತಿಂದ ಓದ್ಬೇಕು ಅಂದ್ಲು. ಅ ಆ ಇ ಈ ಕಲಿಸಿದ್ರೆ ನಾನು ಎರಡು ದಿನಕ್ಕೇ ಓಡ್ತಿದ್ದೆ. ಅವಳು ಕಲಿಸಿದ್ದು ಹೆಸ್ರು. ಇದು ನಮ್ಮೂರ ಪಟೇಲರ ಮಗಳ ಮದ್ವೆ ಕಾರ್ಡು, ಗಂಡು ಯಾರು ಹೇಳು, ಅಂತಾಳೆ. ಗಂಡಿನ ಹೆಸ್ರು ನಂಗೆ ಗೊತ್ತು, ಆ ಮದ್ವೇಲಿ ಬಡಿಸಿದ್ದೋಳೇ ನಾನು. ಬಾಯಲ್ಲಿ ಹೆಸ್ರು ಹೇಳ್ತಾ ಬೆರಳು ಸರಿಸಿದ್ರೆ ಅಕ್ಷರ ಒಂದೊಂದೇ ಅದೇ ಸದ್ದು ಕೊಡೋದು. ಮನುಷ್ಯರು ಗೊತ್ತಿದ್ರಲ್ಲ, ಅಕ್ಷರಾನೂ ಹಂಗೇ ಗೊತ್ತಾಯ್ತು.

ದಿನಾ ಸಂಜೆ ಸ್ಕೂಲು ಬಿಟ್ಟು ಬಂದ್ಮೇಲೆ ಇದೇ ಕೆಲಸ. ತಪ್ಪು ಓದಿದ್ರೆ ಸೊಪ್ಪಿನ ಕಡ್ಡೀಲಿ ಬೆರಳ ಗಿಣ್ಣಿಗೆ ಹೊಡೀತಿದ್ಲು, ಅವಳ ಮೇಷ್ಟ್ರು ಅವಳಿಗೆ ಹೊಡೆಯೋ ಥರಾನೇ. ನಾಳೆಯಿಂದ ನಿಂಗೆ ಇಟ್ಟು ಇಕ್ಕಲ್ಲ ನೋಡು ಅಂತ ನಾನು ಹೆದರಿಸ್ತಿದ್ದೆ. ತಮ್ಮನ ಹೆಂಡ್ತಿ ಬಾಗ್ಲಲ್ಲಿ ನಿಂತು, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ ಅಂತ ಹೇಳಿ ಹೋಗೋಳು. ಬಗ್ಗಿತು ಕಣವ್ವ. ವರ್ಷ ತಿರುಗೋದ್ರೊಳಗೆ ಬಸ್ಸಿನ ಬೋರ್ಡು ಓದ್ದೆ, ಸೊಸೈಟಿ ಗೋಡೆ ಮೇಲಿನ ಬರಹ ಓದ್ದೆ. ಆದ್ರೂ ನಂಗೆ ಇಷ್ಟವಾದ್ದು ಮದ್ವೆ ಕಾರ್ಡೇ. ಅದ್ರಲ್ಲಿ ಕೆಳಗಡೆ ಸಣ್ಣಕ್ಷರದಲ್ಲಿ ಮನೇವ್ರ ಹೆಸ್ರೆಲ್ಲ ಹಾಕಿರ್ತಾರಲ್ಲ, ಅಣ್ಣ ತಮ್ಮ ಅಕ್ಕ ತಂಗಿ ಭಾವ ಬೀಗರು ಅಂತ, ಅದನ್ನ ನಾನು ಮತ್ತೆ ಮತ್ತೆ ಓದ್ತಿದ್ದೆ. ಯಾವ ಕಾರ್ಡಲ್ಲೂ ನನ್ನ ಹೆಸ್ರಿಲ್ಲ. ಗಂಡನ ಮನೇವ್ರದ್ರಲ್ಲಿ ಇರಲ್ಲ, ತವರು ಮನೇವ್ರದ್ರಲ್ಲೂ ಇರಲ್ಲ. ರೇಷನ್ ಕಾರ್ಡಲ್ಲೂ ನಾನಿರ್ಲಿಲ್ಲ, ಮದ್ವೆ ಆದಾಗ ಹೊಡೆದಾಕಿದ್ದು, ಮತ್ತೆ ಸೇರಿಸೋ ನೆನಪು ಯಾರಿಗೂ ಬರ್ಲಿಲ್ಲ. ಇದನ್ನ ಒಂದ್ಸಲ ನಗ್ತಾ ನಗ್ತಾನೇ ಹುಡುಗಿ ಹತ್ರ ಅಂದೆ.

ಅವಳು ನಗ್ಲಿಲ್ಲ. ‘ನನ್ ಮದ್ವೆ ಕಾರ್ಡಲ್ಲಿ ಮೊದ್ಲು ನಿನ್ ಹೆಸ್ರೇ ಹಾಕುಸ್ತೀನಿ ಕಣತ್ತೆ. ಆಗ ತಡವರಿಸ್ದೆ ಓದ್ಬೇಕು’ ಅಂದ್ಲು.

ಹನ್ನೆರಡು ವರ್ಷದ ಮಕ್ಕಳು ಏನೇನೋ ಹೇಳ್ತವೆ. ಅದನ್ನ ಗಂಟು ಕಟ್ಕಂಡು ಕೂತಿದ್ದು ನನ್ನ ತಪ್ಪೇ ಇರ್ಬೋದು. ಕಟ್ಕಂಡೆ. ಇನ್ನು ಹತ್ತು ವರ್ಷ ಆಗ್ಲಿ, ನನ್ನ ಹೆಸ್ರು ಅಚ್ಚಲ್ಲಿ ಬತ್ತದೆ, ಈ ಕೂಸನ್ನ ಸಾಕಿದೋಳು ಇವಳು ಅಂತ ನಾಲ್ಕು ತಾಲ್ಲೂಕಿನ ಜನ ಓದ್ತಾರೆ ಅಂತ ಒಳಗೊಳಗೇ ಕಾದೆ.

ಆಮೇಲಿನ ದಿನ ನಮ್ಮ ಕಡೆ ಎಲ್ಲ ಬದಲಾಗಿದ್ದು ಎಲ್ಲರ್ಗೂ ಗೊತ್ತು. ಬಿಡದಿ ಕಡೆ ಸಾಲು ಸಾಲಾಗಿ ಕಂಪ್ನಿಗಳು ಎದ್ವು. ಬೆಳಿಗ್ಗೆ ಹಾಲಿನ ಕ್ಯಾನು ಒಯ್ಯೋ ಟೆಂಪೋಗಿಂತ ಮೊದ್ಲು ಕಂಪ್ನಿ ಬಸ್ಸು ಬಂದು ಹಾರ್ನ್ ಹೊಡೆಯೋದು. ಸೊಪ್ಪು ಕೊಯ್ಯೋಕೆ ಕೂಲಿ ಆಳು ಸಿಗದಂಗಾಯ್ತು. ನಮ್ಮ ಹುಡುಗೀನೂ ಪಿಯುಸಿ ಮುಗಿಸಿ ಆ ಬಸ್ಸು ಹತ್ತಿದ್ಲು. ನೀಲಿ ಅಂಗಿ, ಕೊರಳಲ್ಲಿ ಫೋಟೋ ಇರೋ ಕಾರ್ಡು. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಅವಳ ಡಬ್ಬಿ ಕಟ್ತಿದ್ದೋಳು ನಾನೇ. ಮೊದ್ಲು ಮುದ್ದೆ ಬೇಡ ಅಂದ್ಲು, ಚಪಾತಿ ಕಟ್ದೆ. ಆಮೇಲೆ ನನ್ನ ಮಾತು ತಿದ್ದೋಕೆ ಶುರು ಮಾಡಿದ್ಲು. ಐತೆ ಅನ್ಬೇಡ ಅತ್ತೆ, ಇದೆ ಅನ್ನು, ನಮ್ಮ ಕಂಪ್ನಿ ಫ್ರೆಂಡ್ಸು ಬಂದಾಗ ಒಸಿ ನೋಡ್ಕೊಂಡು ಮಾತಾಡು ಅಂತ. ಒಸಿ ಅಂದಿದ್ದು ಅವಳೇ, ಅದು ಅವಳಿಗೇ ಗೊತ್ತಾಗ್ಲಿಲ್ಲ. ನಾನು ಸಿಟ್ಟು ಮಾಡ್ಕಳ್ಳಿಲ್ಲ. ಸಾಕಿದ ಮಕ್ಕಳು ತಿದ್ದುದ್ರೆ ತಿದ್ದುಸ್ಕಬೇಕು ಅಂದ್ಕಂಡೆ.

ಕಂಪ್ನೀಲೇ ಸೂಪರ್‌ವೈಸರ್ ಆಗಿದ್ದ ಹುಡುಗ, ಕನಕಪುರದೋನು, ನಮ್ಮ ಜನಾನೇ. ಎರಡೂ ಕಡೆಯೋರು ಒಪ್ಪಿದ್ರು. ರಾಮನಗರದಲ್ಲಿ ಛತ್ರ ಹಿಡಿದ್ರು. ಕಾರ್ಡಿಗೆ ಯಾರ್ಯಾರ ಹೆಸ್ರು ಹಾಕ್ಬೇಕು ಅಂತ ನಡುಮನೇಲಿ ಕೂತು ಬರ್ದಿದ್ದು ಅವಳೇ, ಅವಳ ಕೈಬರಹ ಚೆನ್ನಾಗೈತೆ ಅಂತ. ನಾನು ಕಾಫಿ ಕೊಟ್ಟು ಬಂದೆ. ಇಣುಕಿ ನೋಡ್ಲಿಲ್ಲ. ಇರ್ತದೆ ಅಂತ ನಂಬಿದ್ದೋಳು ಹುಡುಕ್ತಾಳಾ.

ಕಾರ್ಡು ಪ್ರೆಸ್ಸಿಂದ ಬಂದ ದಿನ ಹುಳ ಹಣ್ಣಾಗಿತ್ತು. ರೇಷ್ಮೆ ಕೆಲಸ ಮಾಡಿದೋರಿಗೆ ಹೇಳ್ಬೇಕಾಗಿಲ್ಲ. ಹಣ್ಣಾದ ಹುಳ ಆರಿಸಿ ಆರಿಸಿ ಗೂಡು ಕಟ್ಟೋ ಚಂದ್ರಿಕೆಗೆ ಬಿಡೋ ದಿನ ಹೆಣ ಬಿದ್ರೂ ಎದ್ದು ಹೋಗೋಕಾಗಲ್ಲ, ತಡ ಆದ್ರೆ ಗೂಡು ಹೋಯ್ತು. ಹುಡುಗಿ ಒಂದು ಕಾರ್ಡು ತಂದು ದೂರದಿಂದ್ಲೇ ತೋರಿಸಿದ್ಲು. ಕೆಂಪು ಮೇಲೆ ಬಂಗಾರದ ಬಣ್ಣ. ದಪ್ಪಕ್ಷರದಲ್ಲಿ ಅವಳ ಹೆಸ್ರು ಓದ್ದೆ, ಕಣ್ಣಲ್ಲಿ ನೀರು ಬಂತು. ಉಳಿದದ್ದು ಕೈ ತೊಳ್ಕಂಡು ಸಾವಕಾಶವಾಗಿ ಓದ್ತೀನಿ ಮಗ, ಇಟ್ಟಿರು ಅಂದೆ. ನಾನು ಕೈ ತೊಳ್ದು ಬರೋ ಹೊತ್ಗೆ ಕಾರ್ಡೆಲ್ಲ ಕವರೊಳಗೆ ಸೇರಿದ್ವು, ಕವರಿನ ಮೇಲೆ ಹೆಸ್ರು ಬರೆದಾಗಿತ್ತು. ಒಂದೆರಡು ದಿನ ಯಾವುದೂ ಬಿಚ್ಚಬಾರ್ದು ಅಂದ್ಲು ತಮ್ಮನ ಹೆಂಡ್ತಿ, ಲೆಕ್ಕ ತಪ್ತದೆ ಅಂತ. ಸರಿ ಅಂದೆ.

ಬರೀ ಕಾರ್ಡು ಕೊಟ್ರೆ ನಮ್ಮಲ್ಲಿ ಯಾರೂ ಬರಲ್ಲ. ಮುತ್ತೈದೆ ಹೋಗಿ ಕುಂಕುಮ ಇಟ್ಟು ಬಾಯ್ಬಿಟ್ಟು ಕರೀಬೇಕು. ತಮ್ಮನ ಹೆಂಡ್ತಿಗೆ ಮಂಡಿ ನೋವು. ಅದಕ್ಕೆ ನನ್ನನ್ನೇ ಕಳಿಸಿದ್ರು. ಮೂರು ದಿನ ಕವರಿನ ಮೇಲಿನ ಹೆಸ್ರು ಓದ್ಕಂಡು, ಒಂದೂ ಮನೆ ತಪ್ಪದಂಗೆ, ಚನ್ನಪಟ್ಟಣದ ಕಡೆ, ಮಾಗಡಿ ಕಡೆ, ಬಸ್ಸು ಹತ್ತಿ ಇಳ್ದು ಹಂಚ್ದೆ. ಎಲ್ಲಾ ಮನೇಲೂ ನನ್ನೆದುರೇ ಕವರು ಬಿಚ್ಚಿ ನೋಡಿದ್ರು. ನೋಡಿ ಒಂದು ಗಳಿಗೆ ನನ್ನ ಮುಖ ನೋಡಿದ್ರು. ಚೆನ್ನಾಗೈತೆ ಬುಡು ಕಾರ್ಡು ಅಂದ್ರು. ನಾನು ಅದನ್ನ ಮೆಚ್ಚಿಗೆ ಅಂದ್ಕಂಡು ಹಲ್ಲು ಕಿರಿದೆ. ಅಷ್ಟೂ ಮನೇವ್ರಿಗೆ ಗೊತ್ತಿತ್ತು, ಕಾರ್ಡು ಹೊತ್ತು ತಂದೋಳಿಗೆ ಗೊತ್ತಿರ್ಲಿಲ್ಲ. ಅದನ್ನ ನೆನೆಸ್ಕಂಡ್ರೆ ಈಗ್ಲೂ ನನ್ನ ಕೆನ್ನೆ ಉರೀತದೆ.

ಮೂರನೇ ದಿನ ಕುದೂರಿನ ಹತ್ರ ನಮ್ಮ ದೊಡ್ಡವ್ವನ ಮನೆಗೆ ಹೋದೆ. ನಮ್ಮವ್ವನ ಅಕ್ಕ ಅವಳು, ಎಂಬತ್ತು ದಾಟಿದ ಮುದುಕಿ, ಒಂದಕ್ಷರ ಬರಲ್ಲ. ಮಗ ಸೊಸೆ ಹೊಲಕ್ಕೆ ಹೋಗಿದ್ರು. ಜಗಲಿ ಮೇಲೆ ಕೂತು ಎಲೆ ಅಡಿಕೆ ಕುಟ್ಕಂತಿದ್ಲು. ಕುಂಕುಮ ಇಟ್ಟು ಕಾರ್ಡು ಕೊಟ್ಟೆ. ಅವಳು ಅದನ್ನ ಕಣ್ಣಿಗೊತ್ತಿ ನನಗೇ ವಾಪಸ್ ಕೊಟ್ಲು.

‘ನೀನು ಓದಕ್ಕೆ ಕಲ್ತಿದ್ದೀಯಂತಲ್ಲ. ಓದವ್ವ, ನನ್ನ ಕಿವಿಗೆ ಬೀಳ್ಲಿ’ ಅಂದ್ಲು.

ನಂಗೆ ಅದಕ್ಕಿಂತ ಖುಷಿ ಇನ್ನೇನು. ಸೆರಗು ಸರಿ ಮಾಡ್ಕಂಡು, ಕಾರ್ಡು ಒಸಿ ದೂರ ಹಿಡಿದು, ದೇವ್ರ ಹೆಸ್ರಿಂದ ಶುರು ಮಾಡಿ ಓದ್ದೆ. ಹೆಣ್ಣು ಗಂಡು, ಅವ್ರವ್ರ ಅಪ್ಪ ಅವ್ವ, ಮುಹೂರ್ತ, ಛತ್ರ. ಎಲ್ಲೂ ತಡವರಿಸ್ಲಿಲ್ಲ. ಆಮೇಲೆ ಆಗಮಿಸುವ ಗಣ್ಯರು ಅಂತ ಮೂರು ಜನ ಲೀಡ್ರುಗಳು, ಒಬ್ಬನೂ ನಮ್ಮನೆ ಹೊಸ್ಲು ತುಳಿದೋನಲ್ಲ. ಕಂಪ್ನಿ ಮ್ಯಾನೇಜರ್ ಹೆಸ್ರೂ ಇತ್ತು. ಅದಾದ್ಮೇಲೆ ಸಣ್ಣಕ್ಷರ. ಶ್ರೀಮತಿ ಮತ್ತು ಶ್ರೀ, ಶ್ರೀಮತಿ ಮತ್ತು ಶ್ರೀ, ಜೋಡಿ ಜೋಡಿ ಹೆಸ್ರು. ಚಿಕ್ಕಪ್ಪನ ಮಕ್ಕಳು, ಸೋದರಮಾವಂದಿರು, ತಮ್ಮನ ಹೆಂಡ್ತಿಯ ತಂಗಿ, ಅವಳ ಗಂಡ, ಆ ಗಂಡನ ಅಣ್ಣ. ಇನ್ನು ಬತ್ತದೆ, ಇನ್ನು ಬತ್ತದೆ ಅಂತ ಓದ್ತಾ ಹೋದೆ. ಕೊನೇಗೆ ಒಂದು ಸಾಲಲ್ಲಿ, ನಮ್ಮ ಚಿಕ್ಕಮ್ಮನ ಮದ್ವೆಗೆ ತಪ್ಪದೆ ಬನ್ನಿ ಅಂತ ಮಕ್ಕಳ ಹೆಸ್ರು. ಅದ್ರಲ್ಲಿ ಒಂದು ಮಗೀಗೆ ಏಳು ತಿಂಗಳು, ಇನ್ನೂ ಹಲ್ಲು ಬಂದಿಲ್ಲ. ಅದ್ರ ಹೆಸ್ರೂ ಇತ್ತು. ಅಲ್ಲಿಗೆ ಮುಗೀತು.

ಇನ್ನೊಂದ್ಸಲ ಮೇಲಿಂದ ಬಾಯೊಳಗೇ ಓದ್ದೆ. ನನ್ನ ಕಣ್ಣಿಗೇ ಸಿಗ್ಲಿಲ್ವೇನೋ, ವಯಸ್ಸಾದ್ಮೇಲೆ ಕಲ್ತೋಳು ಅಂತ. ಇರ್ಲಿಲ್ಲ.

ದೊಡ್ಡವ್ವ ಕಾಯ್ತಾ ಇದ್ಲು. ‘ಎಲ್ರದ್ದೂ ಆಯ್ತು. ನಿಂದೆಲ್ಲಿ ಹಾಕವ್ರೆ ಮಗ? ಸಾಕಿದೋಳು ನೀನಲ್ವಾ’ ಅಂದ್ಲು.

ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ಆ ಮುದುಕಿ ನೊಂದ್ಕತಾಳೆ ಅಂತ ಅಲ್ಲ, ಸುಳ್ಳು ಯಾಕೆ, ನಂಗೆ ನಾಚಿಕೆ ಆಯ್ತು. ಕಾರ್ಡಿನ ತಳದಲ್ಲಿ, ಎಲ್ಲಕ್ಕಿಂತ ಸಣ್ಣಕ್ಷರದಲ್ಲಿ, ಅಚ್ಚು ಮಾಡಿದ ರಾಮನಗರದ ಪ್ರೆಸ್ಸಿನ ಹೆಸ್ರಿತ್ತು. ಅದ್ರ ಮೇಲೆ ಬೆರಳಿಟ್ಟು, ಇಲ್ಲೈತೆ ನೋಡು ದೊಡ್ಡವ್ವ ಅಂದೆ. ಅವಳು ತನ್ನ ಬೆರಳನ್ನೂ ತಂದು ಅಲ್ಲೇ ಇಟ್ಟು ಸವರಿದ್ಲು. ಸಣ್ಣದಾದ್ರೂ ಬೇರೇನೇ ಹಾಕವ್ರೆ, ಯಾರ ಜೊತೆಗೂ ಸೇರಿಸ್ದೆ, ಅಂದ್ಲು. ಆ ಕಾರ್ಡನ್ನ ಸೊಂಟದ ಎಲೆಅಡಿಕೆ ಚೀಲದೊಳಗೆ ಮಡಚಿ ಇಟ್ಕಂಡ್ಲು.

ಕುದೂರಿಂದ ಮಾಗಡಿ, ಮಾಗಡಿಯಿಂದ ರಾಮನಗರ, ಅಲ್ಲಿಂದ ಊರು. ಬಸ್ಸಲ್ಲಿ ಕೂತು ಮೂರು ಗಂಟೆ ಕಾಲ ನನ್ನೊಳಗೆ ನಾನೇ ವಾದ ಮಾಡಿದೆ. ತಮ್ಮನ ಹೆಂಡ್ತಿ ನನ್ನ ಹೆಸ್ರು ಬಿಡಿಸಿರ್ಬೇಕು. ಇಲ್ಲ, ಪ್ರೆಸ್ಸಿನೋನು ಬಿಟ್ಟಿರ್ಬೇಕು. ಹುಡುಗಿ ಬರ್ದೇ ಇರ್ತಾಳೆ. ಮನೇಗೆ ಬಂದಾಗ ಅವಳು ಕಂಪ್ನಿಯಿಂದ ಬಂದು ಹಿತ್ಲಲ್ಲಿ ಕಾಲು ತೊಳೀತಿದ್ಲು, ಇನ್ನೂ ಬೆಳಕಿತ್ತು. ಚೊಂಬು ಅವಳ ಕೈಯಿಂದ ತಗಂಡು ನಾನೇ ನೀರು ಹಾಕ್ತಾ ಕೇಳ್ದೆ. ಅವ್ವ ಬಿಡಿಸಿದ್ಲಾ ಮಗ, ಅಂತ.

‘ನಾನೇ ಬರ್ದಿದ್ದು ಅತ್ತೆ’ ಅಂದ್ಲು. ತಲೆ ಎತ್ಲಿಲ್ಲ. ಎಲ್ಲಾ ಜೋಡಿ ಹೆಸ್ರು, ನಿನ್ನೊಬ್ಬಳ್ದೇ ಹಾಕಿದ್ರೆ ಗಂಡಿನ ಕಡೇವ್ರು ಏನು ಎತ್ತ ಅಂತ ಕೇಳ್ತಾರೆ, ಅವ್ರೂ ಕನಕಪುರದೋರೇ, ನಿನ್ನ ಗಂಡನ ಊರು ಅಲ್ಲೇ ಹತ್ರ, ಮದ್ವೆ ದಿನ ಅದೇ ಮಾತಾಗ್ತದೆ ಅಂತ ಒಂದೇ ಉಸ್ರಿಗೆ ಹೇಳಿದ್ಲು. ಬಾಯಿಪಾಠ ಮಾಡಿಟ್ಕಂಡಿದ್ದಂಗಿತ್ತು.

ನಾನು, ಆ ಏಳು ತಿಂಗಳ ಮಗೂಗೆ ಯಾರು ಜೋಡಿ ಅಂತ ಕೇಳ್ದೆ.

ಅವಳು ಮತ್ತೆ ಹಿಮ್ಮಡಿ ಉಜ್ಜಿದ್ಲು. ಎರಡೂ ಕಾಲು ತೊಳ್ದಾಗಿತ್ತು, ಆದ್ರೂ ನಾನು ನೀರು ಹಾಕ್ತಾನೇ ಇದ್ದೆ. ಆಮೇಲೆ ಮೆಲ್ಲಗೆ, ‘ನೀನು ಅಷ್ಟು ಕೆಳಗಿನ ತನಕ ಓದ್ತೀಯಾ ಅಂತ ಅಂದ್ಕೊಂಡಿರ್ಲಿಲ್ಲ ಅತ್ತೆ’ ಅಂದ್ಲು.

ಹೆಸ್ರು ಬಿಟ್ಟಿದ್ದಕ್ಕೆ ಆಗದ ಸಂಕಟ ಆ ಮಾತಿಗಾಯ್ತು. ಕಡ್ಡೀಲಿ ಹೊಡೆದು ಹೊಡೆದು ಕಲಿಸಿದೋಳು ಅವಳು. ನಾನು ಎಷ್ಟು ಓದಬಲ್ಲೆ ಅಂತ ಪ್ರಪಂಚದಲ್ಲಿ ಗೊತ್ತಿದ್ದಿದ್ದು ಅವಳೊಬ್ಳಿಗೇ. ಅವಳೇ ನನ್ನನ್ನ ಮತ್ತೆ ಅಕ್ಷರ ಬರದೋಳು ಮಾಡ್ಕಂಡು, ಅದ್ರ ಮೇಲೆ ಧೈರ್ಯವಾಗಿ ಕೂತಿದ್ಲು. ಹೊಳೆ ದಾಟಿದ್ಮೇಲೆ ಅಂಬಿಗನ ಹಂಗ್ಯಾಕೆ ಅಂತಾರಲ್ಲ, ಅದಾದ್ರೂ ವಾಸಿ. ಚೊಂಬು ಕಲ್ಲಿನ ಮೇಲಿಟ್ಟು ಒಳಗೋದೆ. ಅವತ್ತು ರಾತ್ರಿ ಊಟ ಬಡಿಸ್ದೆ, ಬೆಳಿಗ್ಗೆ ಡಬ್ಬಿ ಕಟ್ದೆ. ಉಳಿದಿದ್ದ ಕಾರ್ಡುಗಳನ್ನೂ ನಾನೇ ಹಂಚ್ದೆ. ಈ ಸಲ ಯಾರ ಮನೇಲೂ ಕವರು ಬಿಚ್ಚೋವರೆಗೂ ನಿಲ್ಲಲಿಲ್ಲ, ಕುಂಕುಮ ಇಟ್ಟು, ಬಸ್ಸು ತಪ್ತದೆ ಅಂತ ಹೇಳಿ ಎದ್ದು ಬರ್ತಿದ್ದೆ.

ಮದ್ವೆಗೆ ಹೋಗಬಾರ್ದು ಅಂತಾನೂ ಅನ್ನಿಸ್ತು. ಹೋಗದೇ ಇದ್ರೆ ಅದೂ ಒಂದು ಮಾತಾಗ್ತದೆ. ಛತ್ರದಲ್ಲಿ ಅಡಿಗೆ ಮನೆ ಬಾಗ್ಲ ಹತ್ರ ನಿಂತು ಎಲೆ ಎಣಿಸಿ ಕೊಡೋ ಕೆಲಸ ಹಿಡ್ದೆ. ಅಲ್ಲಿ ನಿಂತ್ರೆ ಯಾರೂ ಯಾಕಿಲ್ಲಿದ್ದೀಯ ಅಂತ ಕೇಳಲ್ಲ. ಮುಹೂರ್ತ ಆಯ್ತು. ಮೂರು ಲೀಡ್ರುಗಳಲ್ಲಿ ಒಬ್ಬನೂ ಬರ್ಲಿಲ್ಲ.

ಆಗ ದೊಡ್ಡವ್ವ ಬಂದ್ಲು. ಸೊಸೆ ಕೈ ಹಿಡ್ಕಂಡು, ಕುದೂರಿಂದ, ಆ ವಯಸ್ಸಲ್ಲಿ. ನನ್ನನ್ನ ಹುಡುಕ್ಕಂಡು ಅಡಿಗೆ ಮನೆ ಬಾಗ್ಲಿಗೇ ಬಂದು, ಇಲ್ಲೇನು ಮಾಡ್ತಿದ್ದೀಯ, ನಡಿ ಮೇಲೆ, ಮಗೀಗೆ ಅಕ್ಷತೆ ಹಾಕ್ಬೇಕು ಅಂದ್ಲು. ಬೇಡ ಅಂದ್ರೂ ಬಿಡ್ಲಿಲ್ಲ. ನನ್ನ ಹೆಗಲು ಊರ್ಕಂಡು ಮೆಟ್ಲು ಹತ್ತಿದ್ಲು. ಹೆಣ್ಣು ಗಂಡಿನ ತಲೆ ಮೇಲೆ ಅಕ್ಕಿ ಹಾಕಿ, ಸೊಂಟದ ಚೀಲ ಬಿಚ್ಚಿ ಆ ಕಾರ್ಡು ಹೊರಗೆ ತೆಗೆದ್ಲು. ಸುಣ್ಣ ಮೆತ್ಕಂಡು, ಮಡಚಿದ ಕಡೆ ಬಂಗಾರದ ಬಣ್ಣ ಹೋಗಿತ್ತು. ಹುಡುಗಿ ಪಕ್ಕದಲ್ಲಿ ಅವಳ ಗಂಡ, ಗಂಡನ ಅವ್ವ, ಕ್ಯಾಮೆರಾದೋನು, ಎಲ್ರೂ ಓದು ಬಂದೋರೇ.

ದೊಡ್ಡವ್ವ ತಳದ ಸಾಲಿನ ಮೇಲೆ ಬೆರಳಿಟ್ಟು, ‘ಸಾಕಿದೋಳ ಹೆಸ್ರು ಬೇರೇನೇ ಹಾಕ್ಸಿ ಋಣ ತೀರಿಸ್ಕಂಡೆ ಕಣವ್ವ. ನಿನ್ನ ಹೊಟ್ಟೆ ತಣ್ಣಗಿರ್ಲಿ’ ಅಂದ್ಲು.

ಹುಡುಗಿ ಬಗ್ಗಿ ನೋಡಿದ್ಲು. ಪ್ರೆಸ್ಸಿನ ಹೆಸ್ರು, ಪಕ್ಕದಲ್ಲಿ ಫೋನ್ ನಂಬರು. ಓದಿದ್ಲು. ಆಮೇಲೆ ನನ್ನ ಮುಖ ನೋಡಿದ್ಲು. ಏನಂತ ತೋರಿಸಿದ್ದೀನಿ, ಯಾಕೆ ತೋರಿಸಿದ್ದೀನಿ, ಎಲ್ಲ ಅವಳಿಗೆ ಗೊತ್ತಾಯ್ತು. ಗಂಡ ಏನದು ಅಂತ ಕತ್ತು ಚಾಚಿದ. ಅವಳು ಮದರಂಗಿ ಕೈಯಲ್ಲಿ ಕಾರ್ಡನ್ನ ಗಬಕ್ಕನೆ ಮಡಚಿ ದೊಡ್ಡವ್ವನ ಅಂಗೈಲಿಟ್ಟು ಬೆರಳು ಮುಚ್ಚಿದ್ಲು.

‘ಹೂಂ ಕಣಜ್ಜಿ. ಐತೆ’ ಅಂದ್ಲು.

ಎಷ್ಟೋ ವರ್ಷದ ಮೇಲೆ ಅವಳ ಬಾಯಲ್ಲಿ ನಮ್ಮ ಮಾತು ಬಂದಿತ್ತು. ಅಷ್ಟು ಹೇಳಿದೋಳೇ ಅಳೋಕೆ ಶುರು ಮಾಡಿದ್ಲು. ಬಿಕ್ಕಿ ಬಿಕ್ಕಿ, ಕಣ್ಣ ಕಪ್ಪು ಕೆನ್ನೆಗಂಟ ಇಳಿಯೋ ಹಂಗೆ. ಗಂಡನ ಅವ್ವ ಕರ್ಚೀಫು ಕೊಟ್ಲು. ಹುಡುಗಿ, ಅತ್ತೆ ಅಂತ ನನ್ನ ಕಡೆಗೆ ಕೈ ಚಾಚಿದ್ಲು. ಹಿಡ್ಕಬೇಕು ಅಂತ ಒಂದು ಗಳಿಗೆ ನನ್ನ ಕೈಯೂ ಎದ್ದಿತ್ತು. ದೊಡ್ಡವ್ವನ ತೋಳು ಹಿಡ್ಕಂಡು ಮೆಟ್ಲ ಕಡೆ ತಿರುಗಿದೆ.

ಇಳೀತಾ ಇಳೀತಾ ದೊಡ್ಡವ್ವ, ಪಾಪ ಹೆಂಗಳ್ತದೆ ನೋಡು, ಹೆಣ್ಣು ಮಕ್ಕಳಿಗೆ ತವರು ಬಿಡೋದು ಅಂದ್ರೆ ಸುಮ್ನೇನಾ, ಹೋಗಿ ಒಸಿ ಸಮಾಧಾನ ಮಾಡಿ ಬಾ ಅಂದ್ಲು.

‘ಅಳ್ಲಿ ಬುಡು ದೊಡ್ಡವ್ವ’ ಅಂದೆ. ಊಟದ ಸಾಲಲ್ಲಿ ಅವಳಿಗೊಂದು ಜಾಗ ನೋಡಿ ಕೂರಿಸ್ದೆ.